ಹೊಸ ಕಪಾಟು, ಉರಿಯುವ ಕಣ್ಣು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಡಿದ ಮೇಲೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕಾಣುತ್ತಿದೆ: ಹೊಸದಾಗಿ ಮಾಡಿಸಿದ ಕಪಾಟು, ಕಿಚನ್ ಟ್ರಾಲಿ, ಮಂಚಗಳ ಘಾಟು. ಅದರ ಹಿಂದೆ ಬಹುಮಟ್ಟಿಗೆ ಇರುವುದು ಫಾರ್ಮಾಲ್ಡಿಹೈಡ್ ಎಂಬ ಬಣ್ಣವಿಲ್ಲದ ಅನಿಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಮಾರ್ಚದಾಗ ಹೊಸಾ ಮನಿ ವಾಸ್ತು ಮಾಡಿದಿವಿ. ಬೆಡ್‌ರೂಮಿನ್ಯಾಗ ಗ್ವಾಡಿ ತುಂಬ ಕಪಾಟ ಮಾಡಿಸೇವಿ. ಬ್ಯಾಸಗ್ಯಾಗ ಅಷ್ಟ ತ್ರಾಸ ಅನಸಲಿಲ್ಲ. ಈಗ ಕಿಡಕಿ ಹಾಕ್ಕೊಂಡು ಮಲಗಿದ್ರ ಮುಂಜಾನೆ ಎದ್ದಕೂಡ್ಲೆ ಕಣ್ಣ ಉರೀತಾವ, ಮೂಗ ಕಟ್ಟತೈತಿ. ಪಾಲಿಶ್ ವಾಸನಿ, ತಿಂಗಳೊಪ್ಪತ್ತಿನ್ಯಾಗ ಹೋಗತೈತಿ ಅಂತಾರ ಬಡಿಗ್ಯಾರು. ಖರೇನ?
— ಓದುಗರು, ಗೋಕುಲ ರಸ್ತೆ, ಹುಬ್ಬಳ್ಳಿ

ಅರ್ಧ ಖರೆ. ಪಾಲಿಶ್, ಥಿನ್ನರ್ ವಾಸನೆ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ಆದರೆ ಕಪಾಟಿನ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ, ಕಣ್ಣಿಗೆ ಚುಚ್ಚುವ ಘಾಟು ಹಲಗೆಯೊಳಗಿನ ಅಂಟಿನದು. ಮೊದಲ ಕೆಲವು ತಿಂಗಳು ಅದು ಜೋರಾಗಿರುತ್ತದೆ, ಆಮೇಲೆ ತಗ್ಗುತ್ತ ವರ್ಷಗಟ್ಟಲೆ ಬರುತ್ತದೆ.

ಪಾರ್ಟಿಕಲ್ ಬೋರ್ಡ್ (ಕಟ್ಟಿಗೆ ಚೂರಿನ ಹಲಗೆ), ಎಂಡಿಎಫ್ (ಕಟ್ಟಿಗೆ ನಾರಿನ ಹಲಗೆ), ಕಡಿಮೆ ದರದ ಕಮರ್ಷಿಯಲ್ ಪ್ಲೈವುಡ್ ಇವನ್ನೆಲ್ಲ ಸಾಮಾನ್ಯವಾಗಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಹಾಕಿ ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಅಂಟು ಗಟ್ಟಿಯಾಗುವಾಗ ಕೂಡಿಕೊಳ್ಳದೆ ಉಳಿದ ಫಾರ್ಮಾಲ್ಡಿಹೈಡ್ ಮೊದಲು ಹೊರಬರುತ್ತದೆ. ಅದು ಖಾಲಿಯಾದ ಮೇಲೂ ಕಥೆ ಮುಗಿಯುವುದಿಲ್ಲ. ಗಾಳಿಯಲ್ಲಿನ ತೇವ ಈ ಅಂಟಿನ ಬಂಧವನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಹೊಸದಾಗಿ ಅನಿಲ ಹುಟ್ಟಿಸುತ್ತಲೇ ಇರುತ್ತದೆ. ಸೆಕೆ ಹೆಚ್ಚಿದರೂ ಹಾಗೆಯೇ: ಉಷ್ಣತೆ ಐದಾರು ಡಿಗ್ರಿ ಏರಿದರೆ ಹಲಗೆ ಬಿಡುವ ಅನಿಲ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಹಾಗಾದರೆ ಬೇಸಿಗೆಯಲ್ಲಿ ತ್ರಾಸ ಯಾಕಿರಲಿಲ್ಲ? ಏಪ್ರಿಲ್-ಮೇ ಬಿಸಿಲಿಗೆ ನಿಮ್ಮ ಕಪಾಟು ಅನಿಲವನ್ನು ಹೆಚ್ಚೇ ಬಿಟ್ಟಿದೆ. ಆದರೆ ಆಗ ಹಗಲು ರಾತ್ರಿ ಕಿಟಕಿ ತೆರೆದಿದ್ದವು, ಫ್ಯಾನ್ ತಿರುಗುತ್ತಿತ್ತು, ಬಿಟ್ಟದ್ದೆಲ್ಲ ಹೊರಗೆ ಹೋಯಿತು. ಈಗ ಎರಚಲು, ಚಳಿ, ಸೊಳ್ಳೆ ಅಂತ ಕಿಟಕಿ ಮುಚ್ಚಿದ್ದೀರಿ, ಗಾಳಿಯಲ್ಲಿ ತೇವ ತುಂಬಿದೆ. ನಮ್ಮ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ರಾತ್ರಿಗಳೇ ಇದಕ್ಕೆ ಕೆಟ್ಟ ಕಾಲ.

ಲೆಕ್ಕ ಹಾಕಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಕೊಟ್ಟ ಮಿತಿ ಘನ ಮೀಟರ್‌ಗೆ 0.1 ಮಿಲಿಗ್ರಾಂ, ಯಾವುದೇ ಅರ್ಧ ಗಂಟೆಯ ಸರಾಸರಿ ಅದನ್ನು ಮೀರಬಾರದು. ನಮ್ಮ ದೇಶದ 2009ರ ರಾಷ್ಟ್ರೀಯ ವಾಯು ಗುಣಮಟ್ಟದ ಪಟ್ಟಿ ಹೊರಗಿನ ಗಾಳಿಯದು. ಅದರ 12 ಮಾಲಿನ್ಯಕಾರಕಗಳಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ. ಹಾಗಾಗಿ ಮನೆ ಮಟ್ಟಿಗೆ ಈ 0.1 ಅನ್ನೇ ಗೆರೆ ಎಂದು ಹಿಡಿಯಿರಿ. 10×12 ಅಡಿ ಕೋಣೆ, 10 ಅಡಿ ಎತ್ತರ ಎಂದರೆ ಸುಮಾರು 34 ಘನ ಮೀಟರ್ ಗಾಳಿ. ಗೋಡೆಗಾತ್ರದ ಕಪಾಟಿನಲ್ಲಿ ಲ್ಯಾಮಿನೇಟ್ ಕಾಣದ ಒಳಮೈ, ಹಿಂಬದಿ, ಅರೆಗಳ ತಳ ಎಲ್ಲ ಸೇರಿ 200 ಚದರ ಅಡಿ ಬರಿಯ ಹಲಗೆ ಸುಲಭವಾಗಿ ಇರುತ್ತದೆ. ಹಲಗೆ ಇ-1 (ಹಲಗೆ ಬಿಡುವ ಅನಿಲಕ್ಕೆ ಮಿತಿ ಹಾಕಿದ ಯುರೋಪಿನ ದರ್ಜೆ) ದರ್ಜೆಯದೇ, ಆ ಮಿತಿಯ ಅಂಚಿನಲ್ಲಿದೆ ಎಂದುಕೊಂಡರೂ ಗಂಟೆಗೆ 2 ಮಿಲಿಗ್ರಾಂಗೆ ಮೇಲೆ ಅನಿಲ ಬಿಡುತ್ತದೆ. ಗಂಟೆಗೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾದರೆ ಪ್ರಮಾಣ 0.07ರ ಸುತ್ತ ನಿಲ್ಲುತ್ತದೆ. ಎಲ್ಲ ಮುಚ್ಚಿ, ಐದು ಗಂಟೆಗೊಮ್ಮೆ ಬದಲಾದರೆ 0.3 ದಾಟುತ್ತದೆ. ಗಾಳಿಯಲ್ಲಿ ಪ್ರಮಾಣ ಏರಿದಂತೆ ಹಲಗೆ ಬಿಡುವುದು ತುಸು ತಗ್ಗುವುದರಿಂದ ನಿಜದ ಅಂಕಿ ಇದಕ್ಕಿಂತ ಕಡಿಮೆ ಇರಬಹುದು, ಆದರೂ ಗೆರೆಯ ಮೇಲೆಯೇ. ಅದೇ ಕಪಾಟು, ಅದೇ ಕೋಣೆ, ವ್ಯತ್ಯಾಸ ಕಿಟಕಿಯದು.

ಇವತ್ತು ರಾತ್ರಿಯಿಂದಲೇ ಹೀಗೆ ಮಾಡಿ. ಮಲಗುವ ಎರಡು ಗಂಟೆ ಮೊದಲು ಎದುರುಬದುರು ಇರುವ ಕಿಟಕಿ-ಬಾಗಿಲು ತೆರೆದು, ಕಪಾಟಿನ ಬಾಗಿಲುಗಳನ್ನೂ ಹಾರು ಹೊಡೆದು ಬಿಡಿ. ಮಲಗುವಾಗ ಕಪಾಟು ಮುಚ್ಚಿ, ಛಜ್ಜಾ ಇರುವ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿಡಿ. ಅಟ್ಯಾಚ್ಡ್ ಬಾತ್‌ರೂಮ್ ಇದ್ದರೆ ಅದರ ಬಾಗಿಲು ತೆರೆದು ಎಕ್ಸಾಸ್ಟ್ ಫ್ಯಾನ್ ಹಚ್ಚಿ. 150 ಮಿಲಿಮೀಟರ್‌ನ ಸಾಮಾನ್ಯ ಫ್ಯಾನ್ ಗಂಟೆಗೆ ಸುಮಾರು 200 ಘನ ಮೀಟರ್ ಗಾಳಿ ಎಳೆಯುತ್ತದೆ. ಜಾಳಿಗೆ, ಧೂಳಿನಿಂದ ಅರ್ಧಕ್ಕೆ ಇಳಿದರೂ ನಿಮ್ಮ ಕೋಣೆಗೆ ಗಂಟೆಗೆ ಮೂರು ಸಲ ಹೊಸ ಗಾಳಿ ಸಿಕ್ಕಂತೆ. ಆದರೆ ಒಳಬರುವ ದಾರಿ ಇರಲೇಬೇಕು. ಕಿಟಕಿ ಬಿಗಿದು ಫ್ಯಾನ್ ಹಚ್ಚಿದರೆ ಬರಿ ಸಪ್ಪಳ ಬರುತ್ತದೆ. ಸ್ಪ್ಲಿಟ್ ಎಸಿಯನ್ನು ನೆಚ್ಚಬೇಡಿ, ಅದು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ.

ಎರಡು ಮೂರು ರಾತ್ರಿ ಹಳೆಯ ಸಾಮಾನಿರುವ ಬೇರೆ ಕೋಣೆಯಲ್ಲಿ ಮಲಗಿಯೂ ನೋಡಿ. ಕಣ್ಣುರಿ ನಿಂತರೆ ಕಾರಣ ಆ ಕೋಣೆಯಲ್ಲೇ ಇದೆ. ಎಲ್ಲಿ ಮಲಗಿದರೂ ನಿಲ್ಲದಿದ್ದರೆ, ಅಥವಾ ಉಬ್ಬಸ ಬರುತ್ತಿದ್ದರೆ, ವೈದ್ಯರಿಗೆ ತೋರಿಸಿ.

ನಮ್ಮದು ಬಾಡಿಗೆ ಮನೆ. ಮಾಲಕರು ಮಾಡಿಸಿದ ಕಪಾಟು ಕೀಳಲು ಬರುವುದಿಲ್ಲ. ಹೊರಗೆ ಸನ್‌ಮೈಕಾ ಇದೆ, ಒಳಗೆ ಬರಿ ಹಲಗೆ. ಏನಾದರೂ ಬಳಿದರೆ ಘಾಟು ನಿಲ್ಲುತ್ತದೆಯೇ?
— ಓದುಗರು, ಸಪ್ತಾಪುರ, ಧಾರವಾಡ

ಪೂರ್ತಿ ನಿಲ್ಲುವುದಿಲ್ಲ, ಚೆನ್ನಾಗಿ ತಗ್ಗುತ್ತದೆ. ಕೆಲಸ ಮಾಡುವ ರೀತಿಯ ಮೇಲೆ ಅದು ನಿಂತಿದೆ.

ಸನ್‌ಮೈಕಾ ಅಂಟಿಸಿದ ಮೈ ಅನಿಲವನ್ನು ಬಹಳಷ್ಟು ತಡೆಯುತ್ತದೆ. ಸೋರುವುದು ಬೇರೆ ಕಡೆಯಿಂದ: ಕೊಯ್ದ ಅಂಚು, ಹಿಂಜ್ ಕೂಡಿಸಲು ಕೊರೆದ ಗುಂಡು ಕುಳಿ, ಅರೆಗಳ ತಳ, ಸ್ಕ್ರೂ ತೂತು, ವೈರ್ ಹಾಯಿಸಿದ ಕಿಂಡಿ, ಗೋಡೆಗೆ ಮುಖ ಮಾಡಿದ ಬೆನ್ನು. ಅದರಲ್ಲೂ ಕೊಯ್ದ ಅಂಚು ಅದೇ ಅಳತೆಯ ನುಣುಪು ಮೈಗಿಂತ ಹೆಚ್ಚು ಬಿಡುತ್ತದೆ, ಏಕೆಂದರೆ ಅಲ್ಲಿ ಹಲಗೆಯ ಒಳಗಿನ ಸಡಿಲ ಪದರ ನೇರವಾಗಿ ಗಾಳಿಗೆ ತೆರೆದಿರುತ್ತದೆ. ಬೆರಳಾಡಿಸಿ ನೋಡಿ, ಒರಟಾಗಿ ಹೊಟ್ಟಿನ ಹಾಗೆ ಸಿಗುವ ಜಾಗಗಳೇ ಅವು.

ಬಳಿಯಲು ನೀರಿನಲ್ಲಿ ಕರಗುವ ಪಾಲಿಯುರೆಥೇನ್ ಕ್ಲಿಯರ್ ಕೋಟ್ ತನ್ನಿ. ಒಂದು ಲೀಟರ್ ಒಂದು ಕೋಟಿಗೆ ಸುಮಾರು 100 ಚದರ ಅಡಿ ಹಿಡಿಯುತ್ತದೆ. 200 ಚದರ ಅಡಿಗೆ ಎರಡು ಕೋಟ್, ಅಂಚುಗಳಿಗೆ ಮೂರು ಎಂದರೆ ನಾಲ್ಕೂವರೆ-ಐದು ಲೀಟರ್ ಬೇಕು. ಮೊದಲು ಕಪಾಟು ಖಾಲಿ ಮಾಡಿ, ಧೂಳು ಒರೆಸಿ, 220 ನಂಬರ್ ಪಾಲಿಶ್ ಪೇಪರಿನಲ್ಲಿ ಹಗುರಾಗಿ ತಿಕ್ಕಿ. ಅಂಚು ಮತ್ತು ಕುಳಿಗಳಿಗೆ ಹತ್ತನೇ ಒಂದು ಪಾಲು ನೀರು ಬೆರೆಸಿದ ತೆಳು ಕೋಟ್ ಕೊಡಿ, ಅದು ಹೀರಿಹೋಗುತ್ತದೆ. ಒಣಗಿದ ಮೇಲೆ ನಾರು ಎದ್ದು ಒರಟಾಗುತ್ತದೆ, 320 ನಂಬರಿನಲ್ಲಿ ತಿಕ್ಕಿ ಎಲ್ಲ ಕಡೆ ಪೂರ್ಣ ಕೋಟ್ ಹಚ್ಚಿ. ಡಬ್ಬಿಯ ಮೇಲೆ ಬರೆದ ಅಂತರ ಬಿಟ್ಟು ಎರಡನೆಯದು, ಅಂಚಿಗೆ ಇನ್ನೊಂದು. ಅರೆಗಳನ್ನು ಬಿಚ್ಚಲು ಬಂದರೆ ಬಿಚ್ಚಿ ತಳಕ್ಕೂ ಬಳಿಯಿರಿ. ಕಣ್ಣಿಗೆ ಕಾಣುವ ಮೈಗಷ್ಟೇ ಬಳಿದು ತಳ ಬಿಟ್ಟರೆ ಅನಿಲ ಆ ಕಡೆಯಿಂದ ಬರುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮುಂಚೂಣಿಯ ಅಂಚುಗಳಿಗೆ 0.8 ಅಥವಾ 2 ಮಿಲಿಮೀಟರ್‌ನ ಪಿವಿಸಿ ಎಡ್ಜ್ ಬ್ಯಾಂಡ್ ಹಚ್ಚಿಸಿದರೆ ಇನ್ನೂ ಭದ್ರ.

ಎರಡು ಎಚ್ಚರಿಕೆ. ಬಡಿಗೇರು ಮೆಲಮೈನ್ ಪಾಲಿಶ್ ಹೊಡೆಯುತ್ತೇನೆ ಎಂದರೆ ಬೇಡ ಎನ್ನಿ. ಅದು ಗಟ್ಟಿಯಾಗುವಾಗ ಸ್ವತಃ ಫಾರ್ಮಾಲ್ಡಿಹೈಡ್ ಬಿಡುತ್ತದೆ, ರೋಗಕ್ಕೆ ಅದೇ ರೋಗವನ್ನು ಮದ್ದು ಮಾಡಿದಂತೆ. ಇನ್ನೊಂದು, ಈಗ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿದ ಹಲಗೆಗೆ ಬಳಿದರೆ ಕೋಟ್ ಹಿಡಿಯದೆ ಸುಲಿಯುತ್ತದೆ. ದಸರೆ ಕಳೆದು ಒಣ ಹವೆ ಬರಲಿ, ಆಗ ಮಾಡಿಸಿ. ಅಲ್ಲಿಯವರೆಗೆ ಮೇಲೆ ಹೇಳಿದ ಕಿಟಕಿಯ ಉಪಾಯ. ಮಾಲಕರನ್ನು ಕೇಳಿಯೇ ಮಾಡಿ. ಅವರ ಹಲಗೆಯೂ ತೇವದಿಂದ ಉಳಿಯುವುದರಿಂದ ಬೇಡ ಎನ್ನಲಾರರು.

ದೀಪಾವಳಿ ಹೊತ್ತಿಗೆ ಮನೆ ಮುಗಿಯುತ್ತದೆ. ಒಳಗಿನ ಕೆಲಸಕ್ಕೆ ಯಾವ ಹಲಗೆ ತರಬೇಕು? ಅಂಗಡಿಯವರು ಇ-1, ಇ-0, ವಾಟರ್‌ಪ್ರೂಫ್ ಅಂತೆಲ್ಲ ಹೇಳುತ್ತಾರೆ.
— ಓದುಗರು, ನವನಗರ, ಹುಬ್ಬಳ್ಳಿ

ಮೊದಲ ಮಾತು: ಹಲಗೆಯ ದರ್ಜೆಗಿಂತ ಮುಂಚೆ ಹಲಗೆಯ ಪ್ರಮಾಣ ಇಳಿಸಿ. ನಮ್ಮ ಕಡೆ ಅಡುಗೆಮನೆಯಲ್ಲಿ ಕಡಪಾ ಕಲ್ಲಿನ ಅರೆ ಕೂಡಿಸುವ ರೂಢಿ ಹಳೆಯದು. ಕಲ್ಲಿನ ಅರೆ ಕಟ್ಟಿಸಿ ಮುಂದಿನ ಬಾಗಿಲು ಮಾತ್ರ ಹಲಗೆಯದು ಮಾಡಿಸಿದರೆ ಅರ್ಧಕ್ಕಿಂತ ಹೆಚ್ಚು ಹಲಗೆ ಬೇಕಾಗುವುದೇ ಇಲ್ಲ, ಗೆದ್ದಲು-ತೇವದ ಕಾಟವೂ ಇಲ್ಲ. ಮಲಗುವ ಕೋಣೆಯಲ್ಲಿ ಉಕ್ಕಿನ ತಿಜೋರಿ ಇಡಲು ಸಂಕೋಚ ಬೇಡ, ಅದರಲ್ಲಿ ಈ ಅಂಟೇ ಇಲ್ಲ. ಸಾಗವಾನಿಯಂಥ ಇಡಿಯ ಕಟ್ಟಿಗೆ ಬಿಡುವುದು ತೀರ ಅಲ್ಪ. ಮಕ್ಕಳ ಕೋಣೆಗಂತೂ ಹೊಸ ಎಂಡಿಎಫ್ ಮಂಚಕ್ಕಿಂತ ಕಲಘಟಗಿಯ ಮರದ ತೊಟ್ಟಿಲೇ ಲೇಸು.

ಹಲಗೆ ಬೇಕೇ ಬೇಕಾದ ಕಡೆ ಅಂಟಿನ ಜಾತಿ ನೋಡಿ. ಎಂಆರ್ (ತೇವ ತಾಳುವ) ದರ್ಜೆಯ ಕಮರ್ಷಿಯಲ್ ಪ್ಲೈ ಬರುವುದು ಐಎಸ್ 303 ಎಂಬ ಭಾರತೀಯ ಮಾನದಂಡದಡಿ, ಅದರ ಅಂಟು ಸಾಮಾನ್ಯವಾಗಿ ಯೂರಿಯಾದ್ದು. ಐಎಸ್ 710 ಎಂದು ಮುದ್ರೆಯಿರುವ ಬಿಡಬ್ಲ್ಯೂಪಿ (ಕುದಿಯುವ ನೀರಿಗೂ ತಾಳುವ) ಅಥವಾ ಮರೀನ್ ಪ್ಲೈನಲ್ಲಿರುವುದು ಫೀನಾಲ್-ಫಾರ್ಮಾಲ್ಡಿಹೈಡ್ ಅಂಟು. ಹೆಸರಿನಲ್ಲಿ ಫಾರ್ಮಾಲ್ಡಿಹೈಡ್ ಇದ್ದರೂ ಅದರ ಬಂಧ ಕುದಿಯುವ ನೀರಿಗೂ ಬಿಡುವುದಿಲ್ಲ, ಹಾಗಾಗಿ ಅನಿಲ ಬಹಳ ಕಡಿಮೆ. ಕೊಯ್ದ ಅಂಚಿನಲ್ಲಿ ಅಂಟಿನ ಗೆರೆ ಕಡುಕೆಂಪು-ಕಂದು ಬಣ್ಣಕ್ಕಿದ್ದರೆ ಸಾಮಾನ್ಯವಾಗಿ ಫೀನಾಲಿನದು, ಬಿಳಿ ಅಥವಾ ಬಣ್ಣವಿಲ್ಲದೆ ಇದ್ದರೆ ಯೂರಿಯಾದ್ದು. ಆದರೆ ಅಂಟಿಗೆ ಬಣ್ಣ ಬೆರೆಸಿ ಮಾರುವವರೂ ಇರುವುದರಿಂದ ಮುದ್ರೆ, ಲೈಸೆನ್ಸ್ ಸಂಖ್ಯೆ ಎರಡನ್ನೂ ನೋಡಿಯೇ ತನ್ನಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಸಂಸ್ಥೆಯ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ನಿಜವೋ ಸುಳ್ಳೋ ಅಲ್ಲೇ ಗೊತ್ತಾಗುತ್ತದೆ.

ಇ-1 ಎಂಬುದು ಯುರೋಪಿನ ದರ್ಜೆ. ಹಲಗೆಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಗಾಳಿ ಅಳೆಯುವ ಚೇಂಬರ್ ಪರೀಕ್ಷೆಯಲ್ಲಿ ಘನ ಮೀಟರ್‌ಗೆ 0.124 ಮಿಲಿಗ್ರಾಂ ಮೀರಬಾರದು ಎಂದು ಅದರ ನಿಯಮ. ಆ ಪರೀಕ್ಷೆ ನಡೆಯುವುದು 23 ಡಿಗ್ರಿ ಉಷ್ಣತೆ, 45 ಪ್ರತಿಶತ ತೇವದಲ್ಲಿ, ಗಂಟೆಗೊಮ್ಮೆ ಗಾಳಿ ಬದಲಾಗುವಾಗ. ನಮ್ಮ ಮೇ ತಿಂಗಳ ಸೆಕೆಗೂ ಜುಲೈನ ತೇವಕ್ಕೂ ಅದಕ್ಕೂ ತಾಳೆಯಿಲ್ಲ. ಆದ್ದರಿಂದ ಇ-1 ಇದ್ದರೆ ಕಿಟಕಿ ಮುಚ್ಚಿಯೂ ನಿಶ್ಚಿಂತೆ ಎಂದು ತಿಳಿಯಬೇಡಿ. ಇ-0 ಎಂಬ ಮಾತು ವ್ಯಾಪಾರದಲ್ಲಿ ಓಡಾಡುತ್ತದೆ, ಯುರೋಪಿನ ಮೂಲ ಮಾನದಂಡದಲ್ಲಿ ಆ ಹೆಸರಿಲ್ಲ. ಇ-0 ಎಂದವರನ್ನು ಪರೀಕ್ಷಾ ವರದಿಯ ಪ್ರತಿ ಕೇಳಿ, ಎಷ್ಟು ಎಂದು ಅಂಕಿಯಲ್ಲಿ ಇರಬೇಕು. ಅಮೆರಿಕದ ಕಾರ್ಬ್ (ಕ್ಯಾಲಿಫೋರ್ನಿಯಾದ ವಾಯು ಮಂಡಳಿ) ಫೇಸ್-2 ಮುದ್ರೆ ಇದ್ದರೆ ಅದು ಗಟ್ಟಿ ಆಧಾರ: ಪ್ಲೈವುಡ್‌ಗೆ 0.05, ಪಾರ್ಟಿಕಲ್ ಬೋರ್ಡಿಗೆ 0.09, ಎಂಡಿಎಫ್‌ಗೆ 0.11 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಎಂಬ ಅಳತೆ) ಮಿತಿ. ವಾಟರ್‌ಪ್ರೂಫ್, ಎಚ್‌ಡಿಎಚ್‌ಎಂಆರ್ ಎಂಬ ಮಾತುಗಳು ಹೇಳುವುದು ಹಲಗೆ ನೀರಿಗೆ ಎಷ್ಟು ತಾಳುತ್ತದೆ ಎಂಬುದನ್ನು. ಅನಿಲದ ಬಗ್ಗೆ ಬೇರೆಯಾಗಿ ಕೇಳಲೇಬೇಕು.

ಕೊಳ್ಳುವ ಮುಂಚೆ ಮನೆಯಲ್ಲೇ ಒಂದು ಹೋಲಿಕೆ ಮಾಡಬಹುದು. ನೋಡಿದ ಪ್ರತಿ ಹಲಗೆಯ ಅಂಗೈಯಗಲದ ಹೊಸ ತುಂಡು ಬೇಡಿ ತಂದು ಬೇರೆ ಬೇರೆ ಗಾಜಿನ ಬರಣಿಯಲ್ಲಿ ಹಾಕಿ ಮುಚ್ಚಿ, ಒಂದು ಹಗಲು ಬಿಸಿಲ ಹತ್ತಿರ ಇಡಿ. ಸಂಜೆ ಮುಚ್ಚಳ ತೆಗೆದಾಗ ಯಾವುದರ ಘಾಟು ಕಣ್ಣಿಗೆ ತಾಗುತ್ತದೋ ಅದನ್ನು ಬಿಟ್ಟುಬಿಡಿ. ಒಂದಕ್ಕೊಂದು ಹೋಲಿಸಲು ಮಾತ್ರ ಇದು. ಘಾಟು ಬಾರದ್ದು ಸುರಕ್ಷಿತ ಎಂದು ಇದರಿಂದ ಹೇಳಲಾಗದು.

ಬಡಿಗೇರ ಜೊತೆ ಕರಾರು ಮಾಡುವಾಗ ಮೂರು ಮಾತು ಬರೆಸಿಕೊಳ್ಳಿ: ಎಲ್ಲ ಅಂಚಿಗೂ ಬ್ಯಾಂಡ್, ಒಳಮೈ ಮತ್ತು ಬೆನ್ನಿಗೂ ಲ್ಯಾಮಿನೇಟ್ ಅಥವಾ ಲೈನರ್, ಗೋಡೆಗೂ ಕಪಾಟಿಗೂ ನಡುವೆ ಅರ್ಧ ಇಂಚು ಸಂದು. ಹೊಸ ಗಿಲಾವಿನ ಗೋಡೆ ತಿಂಗಳುಗಟ್ಟಲೆ ನೀರು ಬಿಡುತ್ತದೆ, ಅದಕ್ಕೆ ತಾಗಿ ಕೂತ ಬೆನ್ನುಹಲಗೆ ಮೊದಲು ಕೆಡುತ್ತದೆ, ಅನಿಲವೂ ಅಲ್ಲಿಂದಲೇ ಹೆಚ್ಚು. ಕೆಲಸ ಮುಗಿದ ಮೇಲೆ ಒಂದೂವರೆ ತಿಂಗಳಾದರೂ ಎಲ್ಲ ಬಾಗಿಲು, ಡ್ರಾಯರ್ ತೆರೆದಿಟ್ಟು ಗಾಳಿಯಾಡಲು ಬಿಡಿ. ವಾಸ್ತುಶಾಂತಿ ದೀಪಾವಳಿಗೆ ಮಾಡಿದರೂ ಮಲಗಲು ಹೋಗುವುದನ್ನು ಮುಂದೂಡಿ. ಬೇಸಿಗೆಯ ಸೆಕೆಯಲ್ಲಿ ಹಗಲು ನಾಲ್ಕು ಗಂಟೆ ಮುಚ್ಚಿಟ್ಟು, ಸಂಜೆ ಎಲ್ಲ ತೆರೆದು ಬಿಡುವ ಕ್ರಮವನ್ನು ಒಂದೆರಡು ವಾರ ಮಾಡಿದರೆ ಇನ್ನಷ್ಟು ಖಾಲಿಯಾಗುತ್ತದೆ. ಮುಚ್ಚಿದ ಹೊತ್ತಿನಲ್ಲಿ ಒಳಗೆ ಯಾರೂ ಇರಬಾರದು.

ಆನ್‌ಲೈನ್‌ನಲ್ಲಿ ಫಾರ್ಮಾಲ್ಡಿಹೈಡ್ ಅಳೆಯುವ ಎರಡು ಸಾವಿರ ರೂಪಾಯಿಯ ಮೀಟರ್ ತರಿಸಿದೆ. ಹಗಲು 0.04 ತೋರಿಸುತ್ತದೆ, ಪೂಜೆಯ ಹೊತ್ತಿಗೆ 0.6ಕ್ಕೆ ಜಿಗಿಯುತ್ತದೆ. ನಂಬಬಹುದೇ?
— ಓದುಗರು, ಬೆಟಗೇರಿ, ಗದಗ

ಅಂಕಿಯನ್ನು ನಂಬಬೇಡಿ, ಏರಿಳಿತವನ್ನು ಗಮನಿಸಬಹುದು. ಅಗ್ಗದ ಮೀಟರಿನ ಸೆನ್ಸರ್ ಫಾರ್ಮಾಲ್ಡಿಹೈಡ್ ಒಂದನ್ನೇ ಗುರುತಿಸುವುದಿಲ್ಲ. ಸ್ಯಾನಿಟೈಸರ್, ಅತ್ತರು, ಒಗ್ಗರಣೆಯ ಹೊಗೆ, ಕರ್ಪೂರ ಎಲ್ಲಕ್ಕೂ ಜಿಗಿಯುತ್ತದೆ. ಊದುಬತ್ತಿಯ ಹೊಗೆಯಲ್ಲಿ ನಿಜವಾಗಿಯೂ ಫಾರ್ಮಾಲ್ಡಿಹೈಡ್ ಇದೆ, ಆದರೆ ನಿಮ್ಮ 0.6ರಲ್ಲಿ ಅದರ ಪಾಲೆಷ್ಟು ಎಂದು ಆ ಮೀಟರ್ ಹೇಳಲಾರದು.

ಬಳಸುವ ಕ್ರಮ ಹೀಗೆ: ಮೊದಲು ಅಂಗಳದಲ್ಲಿ ಹತ್ತು ನಿಮಿಷ ಇಟ್ಟು ಹೊರಗಿನ ಅಂಕಿ ಬರೆದುಕೊಳ್ಳಿ. ಕೋಣೆಯನ್ನು ರಾತ್ರಿಯಿಡೀ ಮುಚ್ಚಿ, ಬೆಳಿಗ್ಗೆ ಒಲೆ-ದೀಪ ಹಚ್ಚುವ ಮುಂಚೆ ಮಂಚದ ಎತ್ತರದಲ್ಲಿ ಅರ್ಧ ಗಂಟೆ ಇಟ್ಟು ನೋಡಿ. ಆಮೇಲೆ ಕಪಾಟಿನ ಒಳಗೆ ಇಡಿ. ಒಳಗೆ ಹೊರಗಿನ ಹಲವು ಪಟ್ಟು ತೋರಿಸಿದರೆ ಮೂಲ ಕಪಾಟೇ. ಪರದೆಯ ಮೇಲಿನ ಏಕಮಾನವನ್ನೂ ನೋಡಿ: 1 ಪಿಪಿಎಂ ಎಂದರೆ ಘನ ಮೀಟರ್‌ಗೆ ಸುಮಾರು 1.23 ಮಿಲಿಗ್ರಾಂ, ಹಾಗಾಗಿ 0.1 ಮಿಲಿಗ್ರಾಂ ಗೆರೆ ಪಿಪಿಎಂನಲ್ಲಿ 0.08. ಖಚಿತ ಅಂಕಿ ಬೇಕಾದರೆ ಡಿಎನ್‌ಪಿಎಚ್ ಕಾರ್ಟ್ರಿಜ್ ಮೂಲಕ ಪಂಪಿನಿಂದ ಗಾಳಿ ಎಳೆದು ಪ್ರಯೋಗಾಲಯದಲ್ಲಿ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆ ಮಾಡುವ ವಿಧಾನವೇ ಸರಿ. ಪರಿಸರ ಪರೀಕ್ಷೆಯ ಖಾಸಗಿ ಲ್ಯಾಬ್‌ಗಳನ್ನು ವಿಚಾರಿಸುವಾಗ ಈ ಹೆಸರು ಹಿಡಿದೇ ಕೇಳಿ.

ಲೋಬಾನ ಹಾಕುವುದು, ಇದ್ದಿಲು ಇಡುವುದು, ಸ್ನೇಕ್ ಪ್ಲಾಂಟ್, ಏರ್ ಪ್ಯೂರಿಫೈಯರ್: ಇದರಲ್ಲಿ ಯಾವುದು ಉಪಯೋಗ?
— ಓದುಗರು, ಹಾವೇರಿ

ಲೋಬಾನ, ಬೇವಿನ ಹೊಗೆ ಘಾಟನ್ನು ಮುಚ್ಚುತ್ತವೆ, ಅನಿಲವನ್ನು ಹೆಚ್ಚಿಸುತ್ತವೆ. ಸೊಳ್ಳೆ ಬತ್ತಿ ಇನ್ನೂ ಕೆಟ್ಟದ್ದು: 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಒಂದು ಬತ್ತಿ ಪೂರ್ತಿ ಉರಿದರೆ 51 ಸಿಗರೇಟುಗಳಷ್ಟು ಫಾರ್ಮಾಲ್ಡಿಹೈಡ್ ಬರಬಹುದು. ಕಿಟಕಿಗೆ ಜಾಳಿಗೆ, ಮಂಚಕ್ಕೆ ಪರದೆ ಕಟ್ಟಿ. ಆಗ ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುವುದೂ ತಪ್ಪುತ್ತದೆ.

ಗಿಡದ ಮಾತು ಹುಟ್ಟಿದ್ದು ನಾಸಾದ 1989ರ ಪ್ರಯೋಗದಿಂದ. ಅದು ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಯಲ್ಲಿ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ಸಾಮಾನ್ಯ ಗಾಳಿಯಾಟದ ಸಮಕ್ಕೆ ಬರಲು ಪ್ರತಿ ಚದರ ಮೀಟರ್ ನೆಲಕ್ಕೆ ಕನಿಷ್ಠ ಹತ್ತು ಗಿಡ ಬೇಕೆಂದು ಕಂಡಿತು. ಚೆಂದಕ್ಕೆ ಇಡಿ, ಮದ್ದೆಂದು ಬೇಡ. ಅಡುಗೆಯ ಇದ್ದಿಲು, ಉಪ್ಪಿನ ಬಟ್ಟಲು, ಕೊಯ್ದ ಉಳ್ಳಾಗಡ್ಡಿ ಇವುಗಳಿಂದ ಏನೂ ಆಗುವುದಿಲ್ಲ.

ಪ್ಯೂರಿಫೈಯರಿನ ಹೆಪಾ ಜಾಳಿಗೆ ಧೂಳು ಹಿಡಿಯುತ್ತದೆ, ಅನಿಲ ಅದರೊಳಗಿಂದ ಹಾಯ್ದುಹೋಗುತ್ತದೆ. ಸಾದಾ ಆ್ಯಕ್ಟಿವೇಟೆಡ್ ಕಾರ್ಬನ್ನಿಗೂ ಈ ಚಿಕ್ಕ ಅಣುವಿನ ಮೇಲೆ ಹಿಡಿತ ಕಡಿಮೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಸೇರಿಸಿದ ಅಥವಾ ಫಾರ್ಮಾಲ್ಡಿಹೈಡಿಗೆಂದೇ ಸಂಸ್ಕರಿಸಿದ ಕಾರ್ಬನ್ ಒಂದೆರಡು ಕಿಲೋ ಆದರೂ ಇರುವ ಯಂತ್ರ ಮಾತ್ರ ಕೆಲಸಕ್ಕೆ ಬರುತ್ತದೆ, ಅದರ ಕಾರ್ಟ್ರಿಜ್ ಕಾಲಕಾಲಕ್ಕೆ ಬದಲಿಸಬೇಕು. ಓಝೋನ್ ಬಿಡುವ ಯಂತ್ರವನ್ನು ಮನೆಯೊಳಗೆ ತರಲೇಬೇಡಿ.

ಹೊಸ ಪ್ಯಾಂಟು-ಶರ್ಟಿನ ಗಂಟು ಬಿಚ್ಚಿದಾಗ ನಮ್ಮ ಬಟ್ಟೆ ಅಂಗಡಿಯಲ್ಲಿ ಕಣ್ಣು ಉರಿಯುತ್ತವೆ. ಇದೂ ಅದೇನಾ?
— ಓದುಗರು, ಗದಗ

ಇರಬಹುದು. ಸುಕ್ಕಾಗದ ಹತ್ತಿ ಬಟ್ಟೆಗೆ ಫಾರ್ಮಾಲ್ಡಿಹೈಡ್ ಇರುವ ರಾಳ ಹಾಕಿರುತ್ತಾರೆ. ಗಂಟನ್ನು ಹಿಂದಿನ ಕೋಣೆಯಲ್ಲಿ ಬಿಚ್ಚದೆ ಬಾಗಿಲ ಬಳಿ ಬಿಚ್ಚಿ, ಒಂದು ಎಕ್ಸಾಸ್ಟ್ ಫ್ಯಾನ್ ಕೂಡಿಸಿ. ಗಿರಾಕಿಗಳಿಗೂ ಹೇಳಿ: ಹೊಸ ಬಟ್ಟೆ, ಅದರಲ್ಲೂ ಮಕ್ಕಳದು, ಒಗೆದೇ ಹಾಕಬೇಕು. ಒಂದೇ ಒಗೆತಕ್ಕೆ ಸಡಿಲವಾಗಿ ಉಳಿದ ಭಾಗ ಬಹಳಷ್ಟು ಹೋಗುತ್ತದೆ.

ಮಗಳು ಬಾಣಂತನಕ್ಕೆ ಬರುತ್ತಾಳೆ. ಅವಳಿಗೆಂದೇ ಕೆಳಗಿನ ಕೋಣೆಗೆ ಹೊಸ ಮಂಚ, ಕಪಾಟು ಹಾಕಿಸಿದ್ದೇವೆ. ಫಾರ್ಮಾಲ್ಡಿಹೈಡ್‌ನಿಂದ ಕ್ಯಾನ್ಸರ್ ಬರುತ್ತದೆ ಎಂದು ಓದಿ ಜೀವ ಝಲ್ಲೆಂದಿದೆ.
— ಓದುಗರು, ರಾಣೆಬೆನ್ನೂರು

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು ನಿಜ. ಅದಕ್ಕೆ ಮುಖ್ಯ ಆಧಾರ ಕಾರ್ಖಾನೆ ಮುಂತಾದ ಕಡೆ ಮನೆಗಿಂತ ಬಹಳ ಹೆಚ್ಚು ಪ್ರಮಾಣದಲ್ಲಿ ವರ್ಷಗಟ್ಟಲೆ ಉಸಿರಾಡಿದವರ ಅಧ್ಯಯನಗಳು. ಕೆಲವು ತಿಂಗಳು ಹೊಸ ಕಪಾಟಿನ ಕೋಣೆಯಲ್ಲಿ ಇದ್ದ ಮಾತ್ರಕ್ಕೆ ಹಾಗಾಗುತ್ತದೆ ಎಂದು ಹೆದರಬೇಡಿ. 0.1ರ ಗೆರೆಯೊಳಗೆ ಇಟ್ಟುಕೊಂಡರೆ ಆ ಅಪಾಯಕ್ಕೂ ರಕ್ಷಣೆ ಇದೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸದ್ಯದ ಚಿಂತೆ ಕೂಸಿನ ಉಸಿರಿನದು, ಕಣ್ಣು-ಗಂಟಲಿನ ಉರಿಯದು.

ನಮ್ಮ ಬಾಣಂತಿ ಕೋಣೆಯ ಪದ್ಧತಿ ಇಲ್ಲಿ ಎದುರಾಗುತ್ತದೆ. ಗಾಳಿ ಸೋಕಬಾರದೆಂದು ಕಿಟಕಿ ಬಿಗಿಯುತ್ತೇವೆ, ಕೆಂಡದ ಬುಟ್ಟಿ ಇಡುತ್ತೇವೆ, ಕೂಸಿಗೆ ಎರೆದ ಮೇಲೆ ಲೋಬಾನದ ಹೊಗೆ ಹಾಕುತ್ತೇವೆ. ಮುಚ್ಚಿದ ಕೋಣೆ, ಹೊಸ ಹಲಗೆ, ಕಾವು, ಹೊಗೆ ನಾಲ್ಕೂ ಕೂಡಿದರೆ ಅನಿಲ ಏರಲು ಬೇಕಾದದ್ದೆಲ್ಲ ಕೂಡಿದಂತೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅದಕ್ಕಿಂತ ಬೇಗ ಜೀವಕ್ಕೆ ಅಪಾಯ.

ಆದ್ದರಿಂದ ಮಗಳಿಗೆ ಹಳೆಯ ಮಂಚ, ಹಳೆಯ ಕಪಾಟು ಇರುವ ಕೋಣೆ ಕೊಡಿ. ಹೊಸ ಸಾಮಾನು ಪಡಸಾಲೆಯಲ್ಲಿ ಬಾಗಿಲು ತೆರೆದುಕೊಂಡು ಇರಲಿ. ಬೇರೆ ಕೋಣೆ ಇಲ್ಲವೆಂದರೆ ಹೊಸ ಕಪಾಟನ್ನಾದರೂ ಹೊರಗೆ ಸಾಗಿಸಿ, ಗೋಡೆಗೆ ಕೂಡಿಸಿದ್ದರೆ ಕೂಸಿನ ಬಟ್ಟೆ ಅದರೊಳಗೆ ಇಡಬೇಡಿ, ಹಲಗೆ ಬಿಟ್ಟದ್ದನ್ನು ಅರಿವೆ ಹೀರಿಕೊಳ್ಳುತ್ತದೆ. ತಾಯಿ-ಕೂಸಿಗೆ ನೇರ ಗಾಳಿ ಬಡಿಯದ ಹಾಗೆ ಮಂಚವನ್ನು ಮೂಲೆಗೆ ಸರಿಸಿ, ಮೇಲಿನ ವೆಂಟಿಲೇಟರ್ ಸದಾ ತೆರೆದಿಡಿ. ಅವರು ಬಚ್ಚಲಿಗೆ ಹೋದ ಹೊತ್ತಿನಲ್ಲಿ ದಿನಕ್ಕೆರಡು ಸಲ ಕಿಟಕಿ-ಬಾಗಿಲು ಹದಿನೈದು ನಿಮಿಷ ಪೂರ್ತಿ ತೆರೆಯಿರಿ. ಬೆಚ್ಚಗಿರಲು ಕಂಬಳಿ, ಕುಲಾಯಿ ಸಾಕು. ಕೆಂಡ ಮತ್ತು ಹೊಗೆ ಆ ಕೋಣೆಗೆ ಬೇಡ.